ಕಣ್ಣಿನ ಸಾಕ್ಷ್ಯ, ಮುಳ್ಳಿನ ಸಾಕ್ಷ್ಯ

ಸಮುದ್ರ ಶಾಂತವಾಗಿದೆ ಎಂದರೆ ನಮಗೆಲ್ಲ ಸಮಾಧಾನ. ದೋಣಿಯವನಿಗೂ ಸಮಾಧಾನ, ದಡದಲ್ಲಿ ಅವನಿಗಾಗಿ ಕಾಯುವವರಿಗೂ ಸಮಾಧಾನ. ಆದರೆ ನೀರಿನ ಮೇಲೆ ತಗ್ಗಿನಲ್ಲಿ ಹೆಲಿಕಾಪ್ಟರು ನಡೆಸುವವನನ್ನು ಕೇಳಿದರೆ ಆತ ಬೇರೆಯೇ ಮಾತು ಹೇಳುತ್ತಾನೆ. ಗಾಳಿ ಬೀಸಿ, ಅಲೆಯೆದ್ದು, ಅಲೆಯ ನೆತ್ತಿಯಲ್ಲಿ ನೊರೆ ಒಡೆಯುತ್ತಿದ್ದರೆ ನೀರು ಎಲ್ಲಿದೆಯೆಂಬುದು ಅವನಿಗೆ ಕಾಣುತ್ತದೆ. ಗಾಳಿಯಿಲ್ಲದ ದಿನ, ಕಡಲು ಎಣ್ಣೆ ಹೊಯ್ದಂತೆ ಮಲಗಿ, ಅದರ ಮೇಲೆ ತೆಳುವಾಗಿ ಮಂಜು ಕವಿದಿದ್ದರೆ, ನೀರೂ ಆಕಾಶವೂ ಒಂದೇ ಬೂದುಬಣ್ಣದ ಬಟ್ಟೆಯಾಗಿಬಿಡುತ್ತವೆ. ಎರಡನ್ನೂ ಬೇರ್ಪಡಿಸುವ ದಿಗಂತದ ಗೆರೆಯೇ ಇರುವುದಿಲ್ಲ. ಕೆಳಗೆ ನೋಡಿದರೆ ನೀರು ನೂರು ಅಡಿ ದೂರದಲ್ಲಿದೆಯೋ ಹತ್ತು ಅಡಿ ದೂರದಲ್ಲಿದೆಯೋ ಕಣ್ಣಿಗೆ ತಿಳಿಯುವುದಿಲ್ಲ. ದೂರವನ್ನು ಅಳೆಯಲು ಕಣ್ಣಿಗೆ ಏನಾದರೊಂದು ಗುರುತು ಬೇಕು. ಮರವೋ ಮನೆಯೋ ದನವೋ ಇರಬೇಕು. ನಿಶ್ಚಲವಾದ ನೀರಿನಲ್ಲಿ ಅಂಥದೇನೂ ಇಲ್ಲ.

1983ನೆಯ ಇಸವಿ ಜುಲೈ 16ರಂದು ಇಂಗ್ಲೆಂಡಿನ ನೈಋತ್ಯದ ಮೂಲೆಯಲ್ಲಿ ಇಂಥದೇ ಒಂದು ದಿನ ಬಂದಿತ್ತು. ಪೆನ್ಜಾನ್ಸ್ ಎಂಬ ಊರಿನಿಂದ ಸಿಲಿ ದ್ವೀಪಗಳಿಗೆ 1964ರಿಂದಲೂ ಹೆಲಿಕಾಪ್ಟರು ಸೇವೆ ನಡೆಯುತ್ತಿತ್ತು. ಸುಮಾರು ಇಪ್ಪತ್ತು ನಿಮಿಷದ ದಾರಿ. ನಮ್ಮಲ್ಲಿ ಜನ ಸಿಟಿ ಬಸ್ಸು ಹತ್ತುವಂತೆ ಅಲ್ಲಿಯ ಜನ ಅದನ್ನು ಹತ್ತುತ್ತಿದ್ದರು. ಅಂದು ಬ್ರಿಟಿಷ್ ಏರ್‌ವೇಸ್ ಸಂಸ್ಥೆಯ ಸಿಕೋರ್ಸ್ಕಿ ಎಸ್-61 ಹೆಲಿಕಾಪ್ಟರಿನಲ್ಲಿ 23 ಮಂದಿ ಪ್ರಯಾಣಿಕರು, 3 ಮಂದಿ ಸಿಬ್ಬಂದಿ ಇದ್ದರು. ದ್ವೀಪ ಇನ್ನು ಕೆಲವೇ ಮೈಲಿ ಇರುವಾಗ ಮಂಜು ಹೆಚ್ಚಿತು. ನೀರು ಕಣ್ಣಿಗೆ ಕಾಣುತ್ತಿರಲೆಂದು ಚಾಲಕರು 250 ಅಡಿಗೆ ಇಳಿದರು. ಅದೇ ಎತ್ತರದಲ್ಲಿ ಸಾಗುತ್ತಿದ್ದೇವೆಂಬ ನಂಬಿಕೆಯಲ್ಲಿ ಅವರು ಇರುವಾಗಲೇ ಹೆಲಿಕಾಪ್ಟರು ಸಮುದ್ರಕ್ಕೆ ಬಡಿಯಿತು. ಇಪ್ಪತ್ತು ಮಂದಿ ಸತ್ತರು. ಇಬ್ಬರು ಚಾಲಕರೂ ನಾಲ್ವರು ಪ್ರಯಾಣಿಕರೂ ಬದುಕಿ ಉಳಿದರು; ದ್ವೀಪದಿಂದ ಬಂದ ಜೀವರಕ್ಷಕ ದೋಣಿಯವರು ಅವರನ್ನು ನೀರಿನಿಂದ ಎತ್ತಿದರು.

ಯಂತ್ರದಲ್ಲಿ ದೋಷವಿರಲಿಲ್ಲವೆಂದು ತನಿಖೆಯವರು ಕಂಡುಕೊಂಡರು. ತಮಗೆ ಅರಿವಿಲ್ಲದೆಯೇ ಇಳಿಯುತ್ತಿದ್ದುದನ್ನು ಚಾಲಕರು ಗಮನಿಸಲಿಲ್ಲ, ಮೋಸದ ಬೆಳಕಿನಲ್ಲಿ, ಶಾಂತ ಸಮುದ್ರದ ಮೇಲೆ, ಕೇವಲ ಹೊರಗೆ ನೋಡಿಕೊಂಡು ಎತ್ತರವನ್ನು ಕಾಯ್ದುಕೊಳ್ಳಲು ಹೋದರು, ವರದಿಯ ತಾತ್ಪರ್ಯವಿಷ್ಟೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 300 ಅಡಿಯಂತೆ ಹೆಲಿಕಾಪ್ಟರು ಇಳಿಯುತ್ತಿದ್ದರೆ ಒಳಗೆ ಕುಳಿತವನಿಗೆ ಹೊಟ್ಟೆಯಲ್ಲಿ ಏನೂ ಅನಿಸದು. 250 ಅಡಿ ಮುಗಿಯಲು ಐವತ್ತು ಸೆಕೆಂಡು ಸಾಕು. ಐವತ್ತು ಸೆಕೆಂಡಿನಲ್ಲಿ ನಾವು ಏನು ಮಾಡುತ್ತೇವೆ? ಕನ್ನಡಕ ಒರೆಸಿ ಹಾಕಿಕೊಳ್ಳುತ್ತೇವೆ.

ನೀರಿನ ಮೇಲೆ ಇದೇ ಇಷ್ಟು ಅಪಾಯವಾಗಲು ಇನ್ನೂ ಒಂದು ಕಾರಣವಿದೆ. ಹೆಲಿಕಾಪ್ಟರಿನ ಎಂಜಿನು, ಗೇರುಪೆಟ್ಟಿಗೆ, ರೆಕ್ಕೆಗಳು ಎಲ್ಲವೂ ನೆತ್ತಿಯ ಮೇಲೆ. ನೀರಿಗೆ ಬಿದ್ದ ಮೇಲೆ ಭಾರವೆಲ್ಲ ಮೇಲಿರುವ ಆ ವಸ್ತು ಮಗುಚಿಕೊಳ್ಳುವುದು ಸಹಜ. ಒಳಗಿದ್ದವರು ತಲೆಕೆಳಗಾಗಿ, ತಣ್ಣನೆಯ ಕತ್ತಲೆ ನೀರಿನಲ್ಲಿ, ಒಂದೇ ಉಸಿರಿನಲ್ಲಿ ಬಾಗಿಲು ಹುಡುಕಬೇಕು. ಸಮುದ್ರದ ಎಣ್ಣೆಬಾವಿಗಳಿಗೆ ಹೋಗಿಬರುವ ನೌಕರರಿಗೆ ಇದಕ್ಕಾಗಿಯೇ ಕೊಳದಲ್ಲಿ ತಲೆಕೆಳಗಾಗಿ ಮುಳುಗಿಸಿ ತರಬೇತಿ ಕೊಡುತ್ತಾರೆ. ಮುಂಬಯಿಯ ಕಡಲಲ್ಲಿ ಬಾಂಬೆ ಹೈ ಎಣ್ಣೆಕ್ಷೇತ್ರಕ್ಕೆ ಮಳೆಗಾಲದಲ್ಲಿಯೂ ಹೀಗೆ ಓಡಾಡುವವರು ನಮ್ಮವರೇ. 2003ರಲ್ಲಿ, 2015ರಲ್ಲಿ, 2018ರಲ್ಲಿ, 2022ರಲ್ಲಿ ಅಲ್ಲಿ ನಡೆದ ಹೆಲಿಕಾಪ್ಟರು ದುರಂತಗಳನ್ನು ಪತ್ರಿಕೆ ಓದುವವರು ಮರೆತಿರಲಾರರು. ಅವುಗಳ ಕಾರಣ ಬೇರೆ ಬೇರೆ. ಆದರೆ ಬಿದ್ದ ಮೇಲಿನ ಕಷ್ಟ ಒಂದೇ.

ಇರಲಿ. ನನ್ನನ್ನು ಕಾಡಿದ್ದು ಯಂತ್ರಶಾಸ್ತ್ರದ ಪ್ರಶ್ನೆಯಲ್ಲ. ಕಣ್ಣು, ಕಿವಿ, ಮೈ ಮೂರೂ ಪ್ರಾಮಾಣಿಕವಾಗಿಯೇ ಸುಳ್ಳು ಹೇಳುವಾಗ ಮನುಷ್ಯ ಯಾರನ್ನು ನಂಬಬೇಕು ಎಂಬುದು.

ಇಂದ್ರಿಯಗಳು ಸುಳ್ಳು ಹೇಳುವುದು ಹೇಗೆ ಎಂದು ಕೇಳಬಹುದು. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿನ ಕಿಟಕಿಯ ಬಳಿ ಕುಳಿತವರಿಗೆಲ್ಲ ಅದರ ರುಚಿ ಗೊತ್ತಿದೆ. ಪಕ್ಕದ ರೈಲು ಮೆಲ್ಲಗೆ ಚಲಿಸಿದರೆ ನಮ್ಮದೇ ಹೊರಟಿತೆಂದು ಮೈ ಖಂಡಿತವಾಗಿ ಹೇಳುತ್ತದೆ. ಆ ರೈಲಿನ ಕೊನೆಯ ಡಬ್ಬಿ ದಾಟಿ ಪ್ಲಾಟ್‌ಫಾರಂ ಕಂಡ ಮೇಲೆ ಮೈಗೆ ನಾಚಿಕೆಯಾಗುತ್ತದೆ. ಮಂಜಿನಲ್ಲಿ ಹಾರುವವನಿಗೆ ಆ ಪ್ಲಾಟ್‌ಫಾರಂ ಕಾಣುವುದೇ ಇಲ್ಲ. ನಮ್ಮ ಒಳಕಿವಿಯಲ್ಲಿ ಅರ್ಧವೃತ್ತಾಕಾರದ ಮೂರು ನಾಳಗಳಿವೆ, ಅವುಗಳಲ್ಲಿ ದ್ರವವಿದೆ, ತಲೆ ತಿರುಗಿದರೆ ಆ ದ್ರವ ಹಿಂದುಳಿದು ‘ತಿರುಗುತ್ತಿದ್ದೀಯೆ’ ಎಂದು ತಿಳಿಸುತ್ತದೆ. ಆದರೆ ಸೆಕೆಂಡಿಗೆ ಸುಮಾರು 2 ಡಿಗ್ರಿಗಿಂತ ನಿಧಾನವಾಗಿ ತಿರುಗಿದರೆ ಅದಕ್ಕೆ ತಿಳಿಯುವುದೇ ಇಲ್ಲ. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ದ್ರವವೂ ನಾಳದ ಜೊತೆ ಹೊಂದಿಕೊಂಡು, ನಾವು ನೆಟ್ಟಗಿದ್ದೇವೆಂದು ಸಾಕ್ಷಿ ನುಡಿಯುತ್ತದೆ. ಆಮೇಲೆ ಚಾಲಕ ಯಂತ್ರವನ್ನು ನಿಜವಾಗಿ ನೆಟ್ಟಗೆ ಮಾಡಿದರೆ, ವಿರುದ್ಧ ದಿಕ್ಕಿಗೆ ವಾಲಿದೆನೆಂದು ಮೈ ಕೂಗಿಕೊಳ್ಳುತ್ತದೆ. ಪಾಪ, ಆತ ಮೈಯ ಮಾತು ಕೇಳಿ ಮತ್ತೆ ಮೊದಲಿನ ವಾಲಿಗೇ ಮರಳುತ್ತಾನೆ. ಇದರಲ್ಲಿ ಅವನ ದಡ್ಡತನವೇನೂ ಇಲ್ಲ. ಬೆಂಗಳೂರಿನ ವಿಮಾನಪುರದಲ್ಲಿ 1957ರಲ್ಲಿ ಸ್ಥಾಪನೆಯಾದ ವಾಯುಸೇನೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ನಮ್ಮ ವೈಮಾನಿಕರಿಗೆ ಈ ಭ್ರಮೆಯನ್ನು ಬೇಕೆಂದೇ ಉಂಟುಮಾಡಿ ತೋರಿಸುತ್ತಾರೆ. ಭ್ರಮೆಯನ್ನು ಒಮ್ಮೆ ಅನುಭವಿಸದವನು ತನಗೂ ಅದು ಬರಬಹುದೆಂದು ಒಪ್ಪುವುದು ಕಷ್ಟ.

ಭ್ರಮೆ ಎಂದೊಡನೆ ನಮಗೆ ನೆನಪಾಗುವುದು ಹಗ್ಗ ಮತ್ತು ಹಾವು. ಮಬ್ಬಿನಲ್ಲಿ ಹಗ್ಗವನ್ನು ಕಂಡು ಹಾವೆಂದು ಬೆದರಿದವನ ಮುಂದೆ ದೀಪ ತಂದರೆ ಹಾವು ಹೋಗಿ ಹಗ್ಗ ಉಳಿಯುತ್ತದೆ. ಜ್ಞಾನ ಬಂದ ಕೂಡಲೇ ಭ್ರಮೆ ಹೋಯಿತು. ಆದರೆ ನಮ್ಮ ಶಾಸ್ತ್ರಕಾರರು ಇನ್ನೊಂದು ಬಗೆಯ ಭ್ರಮೆಯನ್ನೂ ಹೇಳಿದ್ದಾರೆ. ಹರಟೆಯಲ್ಲಿ ವೇದಾಂತ ಹೇಳುವವರು ಅದನ್ನು ಅಷ್ಟಾಗಿ ನೆನೆಯುವುದಿಲ್ಲ. ಕಾಮಾಲೆಯವನಿಗೆ ಶಂಖ ಹಳದಿಯಾಗಿ ಕಾಣುತ್ತದೆ. ಶಂಖ ಬಿಳುಪೆಂದು ಅವನಿಗೆ ಗೊತ್ತು. ಗೊತ್ತಿದ್ದರೂ ಅದು ಹಳದಿಯಾಗಿಯೇ ಕಾಣುತ್ತದೆ. ರೋಗ ಹೋಗುವವರೆಗೆ ಜ್ಞಾನದಿಂದ ಆ ಬಣ್ಣ ತೊಲಗುವುದಿಲ್ಲ. ಮಂಜಿನಲ್ಲಿರುವ ವೈಮಾನಿಕನದು ಈ ಎರಡನೆಯ ಬಗೆ. ‘ನಾನು ವಾಲಿದ್ದೇನೆ’ ಎಂದು ಮುಂದಿರುವ ಉಪಕರಣದ ಮುಳ್ಳು ತೋರಿಸುತ್ತಿದ್ದರೂ, ಅದನ್ನು ಅವನು ಓದಿ ತಿಳಿದಿದ್ದರೂ, ‘ನಾನು ನೆಟ್ಟಗಿದ್ದೇನೆ’ ಎಂಬ ಅನುಭವ ಹಾಗೆಯೇ ಉಳಿದಿರುತ್ತದೆ. ತನ್ನ ಅನುಭವವನ್ನು ಪಕ್ಕಕ್ಕೆ ಕೂರಿಸಿ, ಒಂದು ಲೋಹದ ಮುಳ್ಳು ಹೇಳಿದಂತೆ ಕೈಯಾಡಿಸುವುದು ಅವನ ಧರ್ಮ. ಇದೇನು ಸಣ್ಣ ಸಾಧನೆಯೆ? ನಮ್ಮ ಹಿರಿಯರು ವೈರಾಗ್ಯವೆಂದು ಕರೆದದ್ದರ ಒಂದು ಅಂಶ ಇದರಲ್ಲಿದೆಯೆಂದೇ ನನಗೆ ತೋರುತ್ತದೆ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿದೆ. ಮಧ್ವ ಸಿದ್ಧಾಂತದವರಂತೂ ಪ್ರತ್ಯಕ್ಷವನ್ನು ಪ್ರಮಾಣವೆಂದು ಒಪ್ಪುವಾಗ, ಇಂದ್ರಿಯವೂ ದೋಷರಹಿತವಾಗಿರಬೇಕು, ವಿಷಯವೂ ದೋಷರಹಿತವಾಗಿರಬೇಕು ಎಂದು ಮೊದಲೇ ಕಟ್ಟು ಹಾಕಿದರು. ಮಂಜು ಕವಿದ ಕಡಲಿನಲ್ಲಿ ಎರಡಕ್ಕೂ ದೋಷ. ಆಗ ಉಳಿಯುವುದು ಆಪ್ತವಾಕ್ಯ. ಆಪ್ತನೆಂದರೆ ವಿಷಯ ಬಲ್ಲವನು, ಮೋಸ ಮಾಡುವ ಇಚ್ಛೆ ಇಲ್ಲದವನು. ಎತ್ತರ ತೋರಿಸುವ ಮುಳ್ಳಿಗೆ ಮನೆಗೆ ಬೇಗ ಹೋಗುವ ಆತುರವಿಲ್ಲ, ಹೆಸರು ಕೆಟ್ಟೀತೆಂಬ ಭಯವಿಲ್ಲ. ಆ ಮಟ್ಟಿಗೆ ಅದು ನಮ್ಮ ಅನೇಕ ಬಂಧುಮಿತ್ರರಿಗಿಂತ ಮೇಲಾದ ಆಪ್ತ. ಮುಳ್ಳೂ ಕೆಡಬಹುದಲ್ಲವೆ ಎಂದರೆ, ಕೆಡಬಹುದು. ಅದಕ್ಕಾಗಿಯೇ ಒಂದು ಉಪಕರಣದ ಮಾತನ್ನು ಇನ್ನೆರಡರ ಮಾತಿನೊಡನೆ ತಾಳೆ ನೋಡುವ ಅಭ್ಯಾಸವನ್ನು ವೈಮಾನಿಕರಿಗೆ ಕಲಿಸುತ್ತಾರೆ. ಅವರು ಕಲಿಯುವುದು ಕುರುಡು ಭಕ್ತಿಯನ್ನಲ್ಲ.

ಸಿಲಿಯ ಘಟನೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿಯ ಚಾಲಕರು ಮುಳ್ಳನ್ನು ಅಪನಂಬಿಕೆಯಿಂದ ತಳ್ಳಿಹಾಕಲಿಲ್ಲ. ಅವರ ದೃಷ್ಟಿ ಹೊರಗಿತ್ತು. ದ್ವೀಪ ಈಗ ಕಂಡೀತು, ಇನ್ನೇನು ಕಂಡೀತು ಎಂದು ಮಂಜನ್ನು ದಿಟ್ಟಿಸುತ್ತಿದ್ದ ಕಣ್ಣಿಗೆ ಒಳಗಿನ ಮುಳ್ಳು ಬೀಳಲಿಲ್ಲ. ಆ ದುರಂತದ ಅನಂತರ, ಎತ್ತರ ಕಡಿಮೆಯಾದರೆ ಕೇಳಿಸುವಂತೆ ದನಿಯಿಂದ ಎಚ್ಚರಿಸುವ ಸಾಧನ ಇರಬೇಕೆಂದು ತನಿಖೆಯವರು ಸಲಹೆ ಮಾಡಿದರು. ಕಣ್ಣು ಬೇರೆ ಕಡೆ ಇದ್ದರೂ ಕಿವಿ ಖಾಲಿಯಿರುತ್ತದೆಯಷ್ಟೆ. ಎಷ್ಟು ಸರಳವಾದ ಉಪಾಯ! ಇಪ್ಪತ್ತು ಜನ ಸತ್ತ ಮೇಲೆ ಹೊಳೆಯುವಷ್ಟು ಸರಳ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1954ರಲ್ಲಿ ಒಂದು ಪ್ರಯೋಗ ನಡೆಯಿತು. ಉಪಕರಣಗಳನ್ನು ನೋಡಿ ಹಾರುವ ತರಬೇತಿಯಿಲ್ಲದ ಇಪ್ಪತ್ತು ಮಂದಿಯನ್ನು, ಹೊರಗೇನೂ ಕಾಣದಂತೆ ಮಾಡಿ, ವಿಮಾನ ನಡೆಸಲು ಬಿಟ್ಟರು. ಇಪ್ಪತ್ತಕ್ಕೆ ಇಪ್ಪತ್ತೂ ಜನ ಹತೋಟಿ ತಪ್ಪಿದರು. ಸರಾಸರಿ 178 ಸೆಕೆಂಡು, ಅಂದರೆ ಮೂರು ನಿಮಿಷಕ್ಕೂ ಕಡಿಮೆ. ಈ ಅಂಕಿಯನ್ನು ವೈಮಾನಿಕರ ಲೋಕದಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಆ ಪ್ರಯೋಗದ ಉದ್ದೇಶ ಹೆದರಿಸುವುದಾಗಿರಲಿಲ್ಲ. ಮೋಡದೊಳಗೆ ಸಿಕ್ಕಿಬಿದ್ದವನು ಗಾಬರಿಯಾಗದೆ, ಉಪಕರಣ ನೋಡಿಕೊಂಡು, ಅರ್ಧವೃತ್ತ ಸುತ್ತಿ ಬಂದ ದಾರಿಯಲ್ಲೇ ಹಿಂದಿರುಗುವುದನ್ನು ಕಲಿಸಬಹುದೆ ಎಂಬುದು ಅವರ ಪ್ರಶ್ನೆ. ಕಲಿಸಬಹುದೆಂದು ತೇಲಿತು. ಕೆಲವೇ ಗಂಟೆಗಳ ಅಭ್ಯಾಸದಿಂದ ಅದೇ ಜನ ತಿರುಗಿ ಬರಬಲ್ಲವರಾದರು.

ಹಿಂದಿರುಗುವ ವಿದ್ಯೆ ಇಷ್ಟು ಸುಲಭವಾಗಿದ್ದರೆ ಜನ ಹಿಂದಿರುಗುವುದಿಲ್ಲವೇಕೆ? ಇಲ್ಲಿಂದ ಮುಂದೆ ಕಣ್ಣುಕಿವಿಗಳನ್ನು ದೂರಿ ಪ್ರಯೋಜನವಿಲ್ಲ. 2020ರ ಜನವರಿ 26ರಂದು ಕ್ಯಾಲಿಫೋರ್ನಿಯಾದಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟನೂ ಅವನ ಮಗಳೂ ಸೇರಿ ಒಂಬತ್ತು ಮಂದಿ ಹೆಲಿಕಾಪ್ಟರಿನಲ್ಲಿ ಸತ್ತರು. ಅಲ್ಲಿ ಕೆಳಗಿದ್ದದ್ದು ಕಡಲಲ್ಲ, ಗುಡ್ಡ. ಮಂಜು ಮಾತ್ರ ಇದೇ ಮಂಜು. ಮೇಲೇರುತ್ತಿದ್ದೇನೆಂದು ಚಾಲಕ ರೇಡಿಯೋದಲ್ಲಿ ಹೇಳುತ್ತಿದ್ದಾಗ ಹೆಲಿಕಾಪ್ಟರು ಎಡಕ್ಕೆ ವಾಲಿ ಇಳಿಯುತ್ತಿತ್ತು. ಹಾರಲೇಬೇಕೆಂದು ಅವನನ್ನು ಯಜಮಾನರು ಒತ್ತಾಯಿಸಿದ್ದರೆ? ಅದಕ್ಕೆ ಆಧಾರ ಸಿಗಲಿಲ್ಲ. ಒತ್ತಾಯವನ್ನು ತನ್ನ ಮೇಲೆ ತಾನೇ ಹೇರಿಕೊಂಡಿದ್ದನೆಂದು 2021ರಲ್ಲಿ ತನಿಖಾ ಮಂಡಲಿ ಅಭಿಪ್ರಾಯಪಟ್ಟಿತು. ದೊಡ್ಡ ಮನುಷ್ಯ ನಂಬಿಕೆಯಿಟ್ಟು ಹಿಂದೆ ಕುಳಿತಿದ್ದಾನೆ. ‘ಸ್ವಾಮಿ, ಇಂದು ಆಗುವುದಿಲ್ಲ’ ಎಂದು ಹೇಳುವುದು ಹೇಗೆ? ಆ ನಾಲಗೆಯ ಭಾರ ನಮಗೂ ಗೊತ್ತು. ಕಚೇರಿಯಲ್ಲಿ ಕೆಲಸ ಮಾಡಿದ ಯಾರಿಗೆ ಗೊತ್ತಿಲ್ಲ?

ಕೆಲವು ವರ್ಷಗಳ ಹಿಂದೆ ಮಳೆಗಾಲದ ಒಂದು ರಾತ್ರಿ ನಾನು ಮಂಗಳೂರಿಗೆ ಹೋಗುತ್ತಿದ್ದ ಬಸ್ಸು ಕೊಟ್ಟಿಗೆಹಾರದಲ್ಲಿ ನಿಂತಿತು. ಚಾರ್ಮಾಡಿ ಘಟ್ಟದಲ್ಲಿ ಮಂಜು. ಡ್ರೈವರು ಇಳಿದು ಹೋಟೆಲಿನ ಬೆಂಚಿನ ಮೇಲೆ ಕುಳಿತುಬಿಟ್ಟ. ಹತ್ತು ನಿಮಿಷ ಜನ ಸುಮ್ಮನಿದ್ದರು. ಆಮೇಲೆ ಗೊಣಗು ಮೊದಲಾಯಿತು. ಮದುವೆಗೆ ಹೊರಟಿದ್ದ ಒಬ್ಬರು ಕೆಳಗಿಳಿದು ಹೋಗಿ, “ಏನ್ ಡ್ರೈವರ್ರೇ, ನಿಮಗೇನು ಇದು ಹೊಸ ದಾರಿಯೆ?” ಎಂದರು. “ದಾರಿ ಹಳೇದೇ ಸ್ವಾಮಿ, ಮಂಜು ಇವತ್ತಿನದು” ಎಂದು ಆತ ಟೀ ಕುಡಿದ. ಮುಕ್ಕಾಲು ಗಂಟೆಯ ಮೇಲೆ ಬಸ್ಸು ಹೊರಟು, ಬೆಳಗ್ಗೆ ಕ್ಷೇಮವಾಗಿ ಮಂಗಳೂರು ಸೇರಿತು. ಇಳಿಯುವಾಗ ಯಾರೂ ಅವನಿಗೆ ಒಂದು ಮಾತು ಹೇಳಲಿಲ್ಲ. ಹೇಳುವುದಾದರೂ ಏನನ್ನು? ಆಗದೇ ಹೋದ ಅಪಘಾತಕ್ಕೆ ಸಾಕ್ಷಿಯಿಲ್ಲ. ನಿಲ್ಲಿಸಿದವನಿಗೆ ತಾನು ಮಾಡಿದ್ದು ಸರಿಯೆಂಬ ರುಜುವಾತು ಎಂದೂ ಸಿಗುವುದಿಲ್ಲ. ನಿಲ್ಲಿಸದೆ ಹೋಗಿ ಹತ್ತು ಸಲ ದಾಟಿದವನಿಗೆ ಹತ್ತು ರುಜುವಾತು ಸಿಕ್ಕಿರುತ್ತವೆ. ಹತ್ತೂ ತಪ್ಪು ರುಜುವಾತುಗಳು. ಅನುಭವವನ್ನು ನಾವು ದೊಡ್ಡ ಗುರುವೆಂದು ಹೊಗಳುತ್ತೇವೆ. ಈ ವಿಷಯದಲ್ಲಿ ಮಾತ್ರ ಅದು ಕೆಟ್ಟ ಗುರು.

ಇಷ್ಟರವರೆಗೆ ಹಿಂದಿರುಗುವುದೇ ಧರ್ಮವೆಂದು ಹೇಳುವುದು ಸುಲಭವಾಗಿತ್ತು. ಆದರೆ ಅತ್ತ ಕಡೆ ಒಂದು ಜೀವ ಕಾಯುತ್ತಿದ್ದರೆ? ಅಮೆರಿಕದಲ್ಲಿ ರೋಗಿಗಳನ್ನು ಸಾಗಿಸುವ ಆಂಬುಲೆನ್ಸ್ ಹೆಲಿಕಾಪ್ಟರುಗಳು ಬಹಳ. ರಾತ್ರಿಯಲ್ಲಿ, ಕೆಟ್ಟ ಹವೆಯಲ್ಲಿ ಹಾರಿ ಬಿದ್ದವೂ ಬಹಳ. 2008 ಅವುಗಳ ಪಾಲಿಗೆ ತೀರ ಕೆಟ್ಟ ವರ್ಷವಾಗಿತ್ತು. ಅಲ್ಲಿಯ ಅನೇಕ ಸಂಸ್ಥೆಗಳಲ್ಲಿ ಒಂದು ಪದ್ಧತಿಯಿದೆ. ಕರೆ ಬಂದಾಗ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಮಾತ್ರ ಚಾಲಕನಿಗೆ ಹೇಳುತ್ತಾರೆ. ರೋಗಿ ಮುದುಕನೋ ಮಗುವೋ, ಸ್ಥಿತಿ ಹೇಗಿದೆಯೋ, ಏನನ್ನೂ ಹೇಳುವುದಿಲ್ಲ. ಹವೆಯನ್ನು ನೋಡಿ ಆತ ‘ಆಗುತ್ತದೆ’ ಅಥವಾ ‘ಆಗುವುದಿಲ್ಲ’ ಎನ್ನಬೇಕು. ಜೊತೆಗಿರುವ ದಾದಿಯಾಗಲಿ ಸಹಾಯಕನಾಗಲಿ ಒಬ್ಬರು ‘ಬೇಡ’ ಎಂದರೂ ಹಾರಾಟ ರದ್ದು, ಏಕೆಂದು ಕೇಳುವಂತಿಲ್ಲ.

ಮೊದಲು ಓದಿದಾಗ ನನಗೆ ಇದು ಕ್ರೂರವೆನಿಸಿತು. ಕರುಣೆಯೇ ಎಲ್ಲ ಧರ್ಮದ ತಿರುಳೆಂದು ಕೇಳಿ ಬೆಳೆದವರು ನಾವು. ಇಲ್ಲಿ ಕರುಣೆ ಒಳಗೆ ಬಾರದಂತೆ ಬಾಗಿಲಿಗೆ ಅಗುಳಿ ಹಾಕುತ್ತಿದ್ದಾರಲ್ಲ! ಯೋಚಿಸುತ್ತ ಹೋದಂತೆ ಇನ್ನೊಂದು ಕಂಡಿತು. ಮಗು ಸಾಯುತ್ತಿದೆಯೆಂದು ಕೇಳಿದ ಚಾಲಕನ ಕಣ್ಣಿಗೆ ಮಂಜು ಸ್ವಲ್ಪ ತೆಳುವಾಗಿಯೇ ಕಾಣುತ್ತದೆ. ಅವನ ಒಳ್ಳೆಯತನವೇ ಅವನಿಗೆ ಕಾಮಾಲೆಯಾಗುತ್ತದೆ. ಮಂಜಿಗೆ ಮಗುವಿನ ವಿಷಯ ಗೊತ್ತಿಲ್ಲ. ಅದು ಎಷ್ಟು ದಟ್ಟವೋ ಅಷ್ಟೇ ದಟ್ಟ. ಅಲ್ಲದೆ ಚಾಲಕ ಒಬ್ಬನೇ ಹೋಗುವುದಿಲ್ಲ. ಇಬ್ಬರನ್ನು ಜೊತೆಗೆ ಕರೆದೊಯ್ಯುತ್ತಾನೆ, ಬರುವಾಗ ಆ ಮಗುವನ್ನೂ ಹತ್ತಿಸಿಕೊಳ್ಳುತ್ತಾನೆ. ತನ್ನ ಪ್ರಾಣವನ್ನು ಪಣವಾಗಿಡುವ ಹಕ್ಕು ಅವನಿಗೆ ಇದೆಯೆನ್ನೋಣ. ಉಳಿದವರದನ್ನು ಇಡುವ ಹಕ್ಕು ಎಲ್ಲಿಂದ ಬಂತು? ಆದ್ದರಿಂದ ಆ ಪದ್ಧತಿ ಸರಿಯೆಂದೇ ನನ್ನ ತೀರ್ಮಾನ.

ಆದರೂ ಈ ತೀರ್ಮಾನ ಲೆಕ್ಕವನ್ನು ಪೂರ್ತಿ ತೀರಿಸುವುದಿಲ್ಲ. ಚಾಲಕ ‘ಆಗುವುದಿಲ್ಲ’ ಎಂದ. ರಸ್ತೆಯ ಮೇಲೆ ಆಂಬುಲೆನ್ಸು ಹೊರಟಿತು. ಅರ್ಧ ಗಂಟೆಯಲ್ಲಿ ಆಕಾಶ ತಿಳಿಯಾಯಿತು. ಮಗು ದಾರಿಯಲ್ಲಿ ತೀರಿಕೊಂಡಿತು. ಹೀಗೆ ಆಗಬಾರದೆಂದೇನಿಲ್ಲ. ಆ ತಾಯಿಯ ಮುಂದೆ ನಿಂತು ‘ನಿಯಮ ಸರಿಯಾಗಿಯೇ ಇತ್ತಮ್ಮ’ ಎಂದು ಹೇಳುವ ಧೈರ್ಯ ನನಗಿಲ್ಲ; ನಿಯಮ ಸರಿಯಾಗಿಯೇ ಇದ್ದಿತು ಎಂಬುದೂ ಸುಳ್ಳಲ್ಲ. ಸರಿಯಾದುದನ್ನು ಮಾಡಿದ ಮೇಲೂ ಮನುಷ್ಯ ಋಣಿಯಾಗಿ ಉಳಿಯಬಹುದೆಂಬುದನ್ನು ನೀತಿಶಾಸ್ತ್ರದ ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. ಅಂಥ ರಾತ್ರಿಯ ಮರುದಿನ ಆ ಚಾಲಕನಿಗೆ ರೋಗಿಯ ವಯಸ್ಸು ಹೇಗೂ ತಿಳಿದೇ ತಿಳಿಯುತ್ತದೆ.

ಇನ್ನು ಹಿಂದಿರುಗದೆ ಹೋದವರನ್ನು ನಾವು ಹೇಗೆ ತೂಗಬೇಕು? 1994ರ ಜೂನ್ 2ರಂದು ಬ್ರಿಟಿಷ್ ವಾಯುಸೇನೆಯ ಚಿನೂಕ್ ಹೆಲಿಕಾಪ್ಟರೊಂದು ಉತ್ತರ ಐರ್ಲೆಂಡಿನಿಂದ ಹೊರಟು, ಕಡಲು ದಾಟಿ, ಸ್ಕಾಟ್ಲೆಂಡಿನ ಮಲ್ ಆಫ್ ಕಿಂಟೈರ್ ಎಂಬ ಭೂಶಿರದ ಬಳಿ ಮಂಜಿನಲ್ಲಿದ್ದ ಗುಡ್ಡಕ್ಕೆ ಅಪ್ಪಳಿಸಿತು. ನಾಲ್ವರು ಸಿಬ್ಬಂದಿಯೂ ಗುಪ್ತಚರ ವಿಭಾಗಗಳ ಇಪ್ಪತ್ತೈದು ಮಂದಿ ಅಧಿಕಾರಿಗಳೂ ಸತ್ತರು. ಸತ್ತ ಚಾಲಕರ ಮೇಲೆ ನಿರ್ಲಕ್ಷ್ಯದ ದೋಷ ಹೊರಿಸಬೇಕಾದರೆ ಯಾವ ಬಗೆಯ ಸಂಶಯಕ್ಕೂ ಎಡೆಯಿರಬಾರದೆಂದು ಆ ಸೇನೆಯದೇ ನಿಯಮವಿತ್ತು. ಒಳ್ಳೆಯ ನಿಯಮ. ಸತ್ತವನು ಎದ್ದುಬಂದು ತನ್ನ ಮಾತು ಹೇಳಲಾರನಷ್ಟೆ. ಆದರೂ 1995ರಲ್ಲಿ ಇಬ್ಬರು ಹಿರಿಯ ಅಧಿಕಾರಿಗಳು ಚಾಲಕರಿಬ್ಬರನ್ನೂ ಘೋರ ನಿರ್ಲಕ್ಷ್ಯದ ಅಪರಾಧಿಗಳೆಂದು ಬರೆದರು. ಮಂಜಿನಲ್ಲಿ ಹಾರುವವನಿಗೆ ತಾನು ನೆಟ್ಟಗಿದ್ದೇನೆಂದು ಅನಿಸುವಷ್ಟೇ ಖಚಿತವಾಗಿ ಅವರಿಗೆ ಹಾಗೆ ಅನಿಸಿರಬೇಕು.

ಆ ಚಾಲಕರ ಮನೆಯವರು ಬಿಡಲಿಲ್ಲ. ವರ್ಷ ವರ್ಷವೂ ಅರ್ಜಿ, ಸಮಿತಿ, ಪಾರ್ಲಿಮೆಂಟಿನಲ್ಲಿ ಚರ್ಚೆ ನಡೆಯಿತು. 2011ರ ಜುಲೈಯಲ್ಲಿ ಹೊಸ ಪರಿಶೀಲನೆಯ ವರದಿ ಬಂದು, ಆ ದೋಷಾರೋಪಣೆಯನ್ನು ರದ್ದುಮಾಡಿದರು. ರಕ್ಷಣಾ ಮಂತ್ರಿ ಆ ಕುಟುಂಬಗಳ ಕ್ಷಮೆ ಕೇಳಿದರು. ಹದಿನೇಳು ವರ್ಷವಾಗಿತ್ತು. ಅಂದು ಆ ಹೆಲಿಕಾಪ್ಟರಿನಲ್ಲಿ ಮಾತುಗಳನ್ನು ದಾಖಲಿಸುವ ಯಂತ್ರವಾಗಲಿ, ಹಾರಾಟದ ವಿವರ ಬರೆದಿಡುವ ಯಂತ್ರವಾಗಲಿ ಇರಲೇ ಇಲ್ಲ. ಕಡಲಿನಿಂದ ಗುಡ್ಡದವರೆಗಿನ ಆ ಕೊನೆಯ ಕೆಲವು ಕ್ಷಣಗಳಲ್ಲಿ ಅವರು ಏನು ಕಂಡರು, ಒಬ್ಬರಿಗೊಬ್ಬರು ಏನು ಹೇಳಿಕೊಂಡರು ಎಂಬುದು ಇಂದಿಗೂ ಯಾರಿಗೂ ಗೊತ್ತಿಲ್ಲ.